ಅರವತ್ತು ನಿಮಿಷದ ಟೇಪು

2007ರ ಕೊನೆಯಲ್ಲಿ ತಮ್ಮ ಅಮೆರಿಕದಿಂದ ಊರಿಗೆ ಬರುವಾಗ ನನಗೊಂದು ಕ್ಯಾಮ್‌ಕಾರ್ಡರ್ ತಂದ. ಕ್ಯಾನನ್ ಎಚ್‌ವಿ20, ಆ ವರ್ಷವೇ ಮಾರುಕಟ್ಟೆಗೆ ಬಂದಿದ್ದ ಮಾದರಿ. ಸುಲಿದ ತೆಂಗಿನಕಾಯಿಯಷ್ಟು ತೂಕ. ಬಲಗೈಯನ್ನು ಪಟ್ಟಿಯೊಳಗೆ ತೂರಿಸಿದರೆ ಹೆಬ್ಬೆರಳಿಗೆ ರೆಕಾರ್ಡ್ ಗುಂಡಿ, ತೋರುಬೆರಳಿಗೆ ಜೂಮ್ ಸಿಗುತ್ತಿತ್ತು. ತಮ್ಮ ಹೇಳಿದ್ದು ಇಷ್ಟೇ: "ಅಕ್ಕಾ, ಮನೆ ಹೆಂಗಿದ್ದೋ ಹಂಗೇ ತೆಗೆದು ಕಳ್ಸು. ಯಾರನ್ನೂ ನಿಲ್ಸಡ."

ಆ ಮಾತಿಗೆ ಕಾರಣವಿತ್ತು. ಶಿರಸಿ ಸೀಮೆಯ ನಮ್ಮ ಊರುಗಳಲ್ಲಿ ಅಲ್ಲಿಯವರೆಗೆ ವಿಡಿಯೋ ಎಂದರೆ ಮದುವೆ, ಉಪನಯನ, ಗೃಹಪ್ರವೇಶ. ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತವರೊಬ್ಬರು, ಅವರ ಹಿಂದೆ ಹ್ಯಾಲೊಜೆನ್ ದೀಪ ಹಿಡಿದ ಹುಡುಗ. ಆ ಬೆಳಕು ಬಿದ್ದ ಕೂಡಲೇ ಮಾತು ನಿಲ್ಲುತ್ತಿತ್ತು, ಸೆರಗು ಸರಿಹೋಗುತ್ತಿತ್ತು, ಊಟದ ಪಂಕ್ತಿಯಲ್ಲಿ ಕೂತವರು ಬಾಯಿಗೆ ತುತ್ತು ಇಡದೆ ಕಾಯುತ್ತಿದ್ದರು. ಹಾಗಾಗಿ ನಮ್ಮ ಮನೆಯ ಕ್ಯಾಸೆಟ್‌ಗಳಲ್ಲಿ ಎಲ್ಲರೂ ಇದ್ದರೂ ಯಾರೂ ತಮ್ಮಂತೆ ಇರಲಿಲ್ಲ. ದೂರದಲ್ಲಿರುವ ಮಗನಿಗೆ ಬೇಕಾಗಿದ್ದು ಸೋಮವಾರದ ಮನೆ, ಮಂಗಳವಾರದ ಮನೆ.

ಈ ಪುಟ್ಟ ಕ್ಯಾಮೆರಾ ಆ ಕಾಲಕ್ಕೆ ತಂದುಕೊಟ್ಟಿದ್ದು ಸಣ್ಣ ಸಂಗತಿಯಲ್ಲ. ಇದು ಬಳಸುತ್ತಿದ್ದದ್ದು ಎಚ್‌ಡಿವಿ ಎಂಬ ವ್ಯವಸ್ಥೆ. ಕ್ಯಾನನ್, ಸೋನಿ, ಜೆವಿಸಿ, ಶಾರ್ಪ್ ಕಂಪನಿಗಳು ಕೂಡಿ 2003ರಲ್ಲಿ ಅದನ್ನು ಗೊತ್ತುಮಾಡಿದ್ದವು. ಮದುವೆ ವಿಡಿಯೋದವರು ಬಳಸುತ್ತಿದ್ದ ಅದೇ ಮಿನಿ ಡಿವಿ ಕ್ಯಾಸೆಟ್, ಅದೇ ಕಾಲಂಗುಲದ ಟೇಪು. ಆದರೆ ಹಳೆಯ ಚಿತ್ರದಲ್ಲಿ 720×576 ಪಿಕ್ಸೆಲ್ ಇದ್ದರೆ ಇದರಲ್ಲಿ 1440×1080. ಅಂದರೆ ಸುಮಾರು ಮೂರೂಮುಕ್ಕಾಲು ಪಟ್ಟು ವಿವರ. ಅಷ್ಟನ್ನೂ ಎಂಪೆಗ್-2 ರೀತಿಯಲ್ಲಿ ಅಡಕ ಮಾಡಿ, ಸೆಕೆಂಡಿಗೆ 25 ಮೆಗಾಬಿಟ್‌ನಂತೆ ಟೇಪಿಗೆ ಬರೆಯುತ್ತಿತ್ತು. ಒಳಗೆ ಬೆರಳುಗಾತ್ರದ ಉರುಳೆಯೊಂದು ನಿಮಿಷಕ್ಕೆ 9,000 ಸುತ್ತು ತಿರುಗುತ್ತಿರುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಕ್ಯಾಮೆರಾಕ್ಕೆ ಕಿವಿಕೊಟ್ಟರೆ ಆ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತಿತ್ತು. ಒಂದು ಕ್ಯಾಸೆಟ್ಟಿಗೆ ಅರವತ್ತು ನಿಮಿಷ. ಅದು ಮುಗಿದರೆ ಮುಗಿಯಿತು. ಮಿನಿ ಡಿವಿ ಕ್ಯಾಸೆಟ್ ಶಿರಸಿಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಸ್ಟುಡಿಯೋದವರಿಗೆ ಹೇಳಿ ತರಿಸಬೇಕಿತ್ತು. ಆದ್ದರಿಂದ ಏನನ್ನು ತೆಗೆಯಬೇಕು ಎಂದು ಮೊದಲೇ ಯೋಚಿಸುವುದು ಅಭ್ಯಾಸವಾಯಿತು.

ಮೊದಲು ತೆಗೆದದ್ದು ರಾತ್ರಿಯ ಅಡಿಕೆ ಸುಲಿಯುವ ಕೆಲಸ. ಆಗಿನ್ನೂ ನಮ್ಮೂರಿಗೆ ಸುಲಿಯುವ ಯಂತ್ರ ಬಂದಿರಲಿಲ್ಲ. ಕೊಯ್ಲು ಶುರುವಾದರೆ ಊಟ ಮುಗಿಸಿ ಆಚೀಚೆ ಮನೆಯವರೆಲ್ಲ ಒಂದು ಅಂಗಳದಲ್ಲಿ ಸೇರುತ್ತಿದ್ದರು. ಮೆಟ್ಟುಗತ್ತಿಯ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ನೆಟ್ಟಗೆ ನಿಂತ ಅಲಗಿಗೆ ಹಸಿ ಅಡಿಕೆಯನ್ನು ತಾಗಿಸಿ, ಎರಡು ಮೂರು ತಿರುವಿನಲ್ಲಿ ಸಿಪ್ಪೆ ಬೇರೆ, ಬೇಳೆ ಬೇರೆ. ಕೈ ಒಂದು ಕಡೆ, ಬಾಯಿ ಒಂದು ಕಡೆ. ಯಾರ ಮನೆ ಹಸು ಕರು ಹಾಕಿತು, ಯಾವ ಊರಲ್ಲಿ ಯಕ್ಷಗಾನದ ಆಟ, ಯಾರ ಮಗಳಿಗೆ ಎಲ್ಲಿಯ ಸಂಬಂಧ, ಎಲ್ಲವೂ ಅಲ್ಲೇ ಇತ್ಯರ್ಥ.

ಅಂಗಳದಲ್ಲಿ ಎರಡು ಟ್ಯೂಬ್‌ಲೈಟ್ ಇದ್ದವು. ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಇಡೀ ಅಂಗಳ ಪಟಪಟ ಮಿಡಿಯುತ್ತಿತ್ತು. ಕಾರಣ ಸರಳ. ನಮ್ಮ ಕರೆಂಟು 50 ಹರ್ಟ್ಸ್‌ನದು, ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅಮೆರಿಕದ ಕ್ಯಾಮೆರಾ ಅಲ್ಲಿನ 60 ಹರ್ಟ್ಸ್ ಲೆಕ್ಕದಲ್ಲಿ ಸೆಕೆಂಡಿಗೆ 60 ಸಲ ಕಣ್ಣು ತೆರೆಯುತ್ತದೆ. ಎರಡರ ತಾಳ ಕೂಡುವುದಿಲ್ಲ. ಶಟರನ್ನು ನೂರರಲ್ಲೊಂದು ಸೆಕೆಂಡಿಗೆ ಇಟ್ಟರೆ ಪ್ರತಿ ಸಲವೂ ದೀಪದ ಒಂದು ಪೂರ್ಣ ಏರಿಳಿತವೇ ಚಿತ್ರಕ್ಕೆ ಸಿಗುತ್ತದೆ, ಮಿಡಿತ ನಿಲ್ಲುತ್ತದೆ. ಆ ಕಾಲದಲ್ಲಿ ವಿದೇಶದಿಂದ ಬಂದ ಕ್ಯಾಮೆರಾಗಳು ನಮ್ಮ ಎಷ್ಟೋ ಮನೆಗಳಲ್ಲಿದ್ದವು. ಈ ಒಂದು ವಿಷಯ ಗೊತ್ತಿಲ್ಲದೆ ಒಳಾಂಗಣದ ಚಿತ್ರೀಕರಣವನ್ನೇ ಬಿಟ್ಟವರಿದ್ದರು. ಹಾಗಾಗಿ ಕೇಳಿದವರಿಗೆಲ್ಲ ಇದನ್ನು ಹೇಳಿಕೊಡುತ್ತಿದ್ದೆ.

ಕ್ಯಾಮೆರಾವನ್ನು ಅಡಿಕೆ ರಾಶಿಯ ಪಕ್ಕದ ಮಣೆಯ ಮೇಲಿಟ್ಟು ನಾನೂ ಕೆಲಸಕ್ಕೆ ಕೂತೆ. ಮೊದಲು ಎಲ್ಲರ ಕಣ್ಣೂ ಅದರ ಮೇಲೆಯೇ. ಆಯಿ ಕೇಳಿದಳು, "ಕೂಸೇ, ಇದನ್ನೆಂತಕ್ಕೆ ತೆಗೀತೆ? ದಿನಾ ಮಾಡ ಕೆಲ್ಸ." ಸ್ವಲ್ಪ ಹೊತ್ತಿಗೆ ಅಲ್ಲೊಂದು ಯಂತ್ರವಿದೆ ಎಂಬುದೇ ಎಲ್ಲರಿಗೂ ಮರೆತುಹೋಯಿತು. ದೀಪ ಹಿಡಿದು ನಿಂತ ಹುಡುಗನಿಲ್ಲ, ಮುಂದೆ ನಿಂತು ಅಪ್ಪಣೆ ಕೊಡುವವರಿಲ್ಲ. ಆ ಟೇಪಿನಲ್ಲಿ ಪಕ್ಕದ ಮನೆಯ ಅಜ್ಜಿಯ ಬೆರಳುಗಳಿವೆ. ಅಡಿಕೆಯ ಕಂದು ಬಣ್ಣ ವರ್ಷಗಟ್ಟಲೆ ಕೂತು ಉಗುರಿನ ಸುತ್ತ ಕಪ್ಪಗೆ ಗೆರೆಕಟ್ಟಿದ್ದು, ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಚೂರು, ಅಲಗು ತಾಗುವ ಮುನ್ನ ಅಡಿಕೆಯನ್ನು ಒಮ್ಮೆ ಹೊರಳಿಸಿ ತೊಟ್ಟು ಎಲ್ಲಿದೆ ಎಂದು ನೋಡಿಕೊಳ್ಳುವ ರೀತಿ. ಹಳೆಯ ವಿಡಿಯೋದಲ್ಲಾಗಿದ್ದರೆ ಇವೆಲ್ಲ ಒಂದು ಮಸುಕಾದ ಚಲನೆಯಾಗಿ ಉಳಿಯುತ್ತಿತ್ತು. ಹೈ ಡೆಫಿನಿಷನ್ ಎಂಬ ಮಾತನ್ನು ನಾನು ಮೆಚ್ಚಿದ್ದು ಆ ಬೆರಳುಗಳನ್ನು ಕಂಡಾಗ.

ಕೊಯ್ಲಿನ ಚಿತ್ರ ತೆಗೆಯುವುದು ಹೆಚ್ಚು ಕಷ್ಟದ ಕೆಲಸ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಕಾಲಿಗೆ ತಳೆ ಹಾಕಿ ಮರ ಏರಿದರೆ ಮತ್ತೆ ಮತ್ತೆ ಇಳಿಯುವುದಿಲ್ಲ. ತಲೆಯ ಹತ್ತಿರ ಕೂತು ಮರವನ್ನೇ ತೂಗಿ, ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟುತ್ತಾರೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತದೆ. ಕೆಳಗಿದ್ದವನು ಹಗ್ಗವನ್ನು ಓರೆಯಾಗಿ ಬಿಗಿದು ಹಿಡಿದಿರಬೇಕು. ತೋಟದೊಳಗೆ ಕತ್ತಲು, ಮೇಲೆ ಬಿಳಿ ಆಕಾಶ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಆಕಾಶ ಚೆನ್ನಾಗಿ ಬರುತ್ತದೆ, ಮನುಷ್ಯ ಕರಿ ನೆರಳಾಗುತ್ತಾನೆ. ನಾನು ಬೆಳಕನ್ನು ಕೈಯಿಂದ ಏರಿಸಿ ಇಡುತ್ತಿದ್ದೆ. ಆಕಾಶ ಸುಣ್ಣದಂತೆ ಬೆಳ್ಳಗಾಗುತ್ತಿತ್ತು, ಆದರೆ ಮರ ಬದಲಿಸುವ ಆ ಗಳಿಗೆಯಲ್ಲಿ ಕೈ ಎಲ್ಲಿ ಹಿಡಿಯಿತು, ಮೊಣಕಾಲು ಎಲ್ಲಿ ಒತ್ತಿತು ಎಂಬುದು ಕಾಣುತ್ತಿತ್ತು. ಹತ್ತು ಪಟ್ಟು ಹತ್ತಿರ ತರುವ ಜೂಮ್ ಆಗ ನಿಜಕ್ಕೂ ಉಪಯೋಗಕ್ಕೆ ಬಂತು. ಗಾಳಿ ಬೀಸಿ ಸಾವಿರ ಸೋಗೆಗಳು ಒಟ್ಟಿಗೆ ಅಲುಗಿದಾಗ ಮಾತ್ರ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಅಷ್ಟೊಂದು ಚಲನೆಯನ್ನು ಸೆಕೆಂಡಿಗೆ 25 ಮೆಗಾಬಿಟ್‌ನಲ್ಲಿ ಹಿಡಿದಿಡುವುದು ಆ ತಂತ್ರಕ್ಕೆ ಭಾರ.

ಅದನ್ನು ಸಂಜೆ ಟಿವಿಗೆ ಜೋಡಿಸಿ ಕೊನೆಗೌಡರಿಗೇ ತೋರಿಸಿದೆ. ಅವರು ಜಗಲಿಯಲ್ಲಿ ಕೂತು ಬಹಳ ಹೊತ್ತು ಸುಮ್ಮನೆ ನೋಡಿದರು. "ಕೆಳಗಿಂದ ನೋಡಿದ್ರೆ ಹಿಂಗೆ ಕಾಣ್ತದಾ ಅಮ್ಮಾ?" ಎಂದರು. ಆಮೇಲೆ ತಮ್ಮ ಮಗನನ್ನು ಕರೆದು, ಮರ ಬದಲಿಸುವ ಜಾಗವನ್ನು ಮತ್ತೊಮ್ಮೆ ಹಾಕಿಸಿ, ಕಾಲು ಮೊದಲೋ ಕೈ ಮೊದಲೋ ಎಂದು ಅವನಿಗೆ ತೋರಿಸಿದರು. ತನ್ನ ವಿದ್ಯೆಯನ್ನು ಹೊರಗಿನಿಂದ ನೋಡುವ ಅವಕಾಶ ಅವರಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಚಿತ್ರ ತೆಗೆದವರು ತೆಗೆಸಿಕೊಂಡವರಿಗೆ ಅದನ್ನು ತೋರಿಸಲೇಬೇಕು ಎಂಬ ನಿಯಮವನ್ನು ನಾನು ಅಂದಿನಿಂದ ಪಾಲಿಸಿದ್ದೇನೆ.

ಆಯಿಯ ತೊಡೆದೇವಿನ ಟೇಪು ಇನ್ನೊಂದು. ಆಲೆಮನೆಯ ಕಾಲದಲ್ಲಿ ಕಬ್ಬಿನ ಹಾಲು ಬಂದಾಗ ಮಾಡುವ ತಿಂಡಿ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಸೇರಿಸಿ ತೆಳ್ಳಗೆ ಕಲಸಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಸಲ ಬಳಿಯಬೇಕು. ಕಾಗದಕ್ಕಿಂತ ತೆಳುವಾದ ಹಾಳೆ ಏಳುತ್ತದೆ. ಬಿಸಿ ಇರುವಾಗಲೇ ಬಿಡಿಸಿ ಮಡಚಬೇಕು, ತಡವಾದರೆ ಪುಡಿ. ಇದರ ಅಳತೆಯನ್ನು ಬರೆದುಕೊಂಡವರು ನಮ್ಮ ಬಳಗದಲ್ಲಿ ಹಲವರಿದ್ದರು. ಮಾಡಲು ಬಂದವರು ಕಡಿಮೆ. ಏಕೆಂದರೆ ಗುಟ್ಟಿರುವುದು ಮಣಿಕಟ್ಟಿನ ತಿರುವಿನಲ್ಲಿ, ಮತ್ತು ಹಾಳೆಯ ಅಂಚು ಕೂದಲೆಳೆಯಷ್ಟು ಮೇಲೇಳುವ ಆ ಕ್ಷಣವನ್ನು ಗುರುತಿಸುವ ಕಣ್ಣಿನಲ್ಲಿ. ನಾನು ಕ್ಯಾಮೆರಾವನ್ನು ಮಡಕೆಯ ಅಂಚಿಗೆ ಸಮನಾಗಿ, ಹೊಗೆ ಬೀಸುವ ದಿಕ್ಕು ಬಿಟ್ಟು, ಮುಕ್ಕಾಲಿಯ ಮೇಲೆ ನಿಲ್ಲಿಸಿದೆ. ಫೋಕಸ್ಸನ್ನು ಕೈಯಿಂದ ಮಡಕೆಗೆ ಕಟ್ಟಿಹಾಕಿದೆ, ಇಲ್ಲವಾದರೆ ಆವಿ ಎದ್ದಾಗಲೆಲ್ಲ ಅದು ಆವಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಆ ಅಂಚು ಏಳುವುದು ಟೇಪಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಮ್ಮನ ಹೆಂಡತಿ ಅಲ್ಲಿ ಕ್ಯಾಲಿಫೋರ್ನಿಯಾದ ಅಡುಗೆಮನೆಯಲ್ಲಿ ಅದನ್ನೇ ಮತ್ತೆ ಮತ್ತೆ ನೋಡಿ, ಇಲ್ಲಿಂದ ಒಯ್ದ ಮಡಕೆಯ ಮೇಲೆ ತೊಡೆದೇವು ಮಾಡುವುದನ್ನು ಕಲಿತಳು.

ಯಕ್ಷಗಾನವನ್ನು ತೆಗೆಯದ ಕ್ಯಾಮೆರಾ ನಮ್ಮ ಕಡೆ ಇಲ್ಲ. ರಂಗಸ್ಥಳವನ್ನು ಚಿತ್ರಿಸುವವರು ಬಹಳ ಜನ ಇದ್ದರು. ನನಗೆ ಮಾತ್ರ ವೇಷ ಕಟ್ಟುವ ಚೌಕಿಯ ಆಸೆ. ಮೇಳದ ಯಜಮಾನರನ್ನೂ ವೇಷಧಾರಿಯನ್ನೂ ಕೇಳಿ, ಒಪ್ಪಿಗೆ ಪಡೆದು, ಬಣ್ಣದ ಪೆಟ್ಟಿಗೆಯ ಎದುರು ಒಂದು ಮೂಲೆ ಹಿಡಿದೆ. ಬಡಗುತಿಟ್ಟಿನ ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಳ್ಳುತ್ತಾನೆ. ಒಂದು ಕೈಯಲ್ಲಿ ಸಣ್ಣ ಕನ್ನಡಿ, ಇನ್ನೊಂದು ಕೈಯಲ್ಲಿ ಕಡ್ಡಿ. ಸಫೇತ, ಇಂಗಳೀಕ, ಕಾಡಿಗೆ. ಆಮೇಲೆ ಕೇದಗೆ ಮುಂದಲೆ. ಅದು ತೆಗೆದಿಟ್ಟು ಹಾಕಿಕೊಳ್ಳುವ ಕಿರೀಟವಲ್ಲ, ಬಟ್ಟೆ ಮತ್ತು ಜರಿಪಟ್ಟಿಗಳನ್ನು ಸುತ್ತಿ ಸುತ್ತಿ ಆ ರಾತ್ರಿಗೆಂದು ತಲೆಯ ಮೇಲೇ ಕಟ್ಟುವಂಥದ್ದು. ಹೊರಗೆ ಚಂಡೆ, ಮದ್ದಲೆ, ಭಾಗವತರ ದನಿ. ಒಳಗೆ ಒಬ್ಬ ಸಾಧಾರಣ ಮನುಷ್ಯ ಸ್ವಲ್ಪಸ್ವಲ್ಪವಾಗಿ ಅರ್ಜುನನಾಗುವುದು. ಒಂದು ವೇಷ ಸಿದ್ಧವಾಗಲು ಬೇಕಾಗುವ ಹೊತ್ತಿಗೂ ನನ್ನ ಅರವತ್ತು ನಿಮಿಷದ ಟೇಪಿಗೂ ಚೆನ್ನಾಗಿ ಹೊಂದಿತು. ನಿಲ್ಲಿಸದೆ, ಜೂಮ್ ಮಾಡದೆ, ಇಡೀ ಟೇಪನ್ನು ಓಡಿಸಿದೆ. ನನ್ನ ಬಳಿಯಿರುವ ಎಲ್ಲ ಚಿತ್ರಗಳಲ್ಲಿ ಬೆಲೆಬಾಳುವುದು ಅದೇ ಎಂದು ನಾನು ನಂಬಿದ್ದೇನೆ.

ಮಳೆಗಾಲದಲ್ಲಿ ಕ್ಯಾಮೆರಾ ಕಾಯುವುದೇ ಒಂದು ಕೆಲಸ. ಮಲೆನಾಡಿನ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಅದನ್ನು ಇಡುತ್ತಿದ್ದೆ. ಪೊಟ್ಟಣಗಳನ್ನು ಆಗಾಗ ಬಿಸಿಮಾಡಿ ಒಣಗಿಸುತ್ತಿದ್ದೆ. ಬೆಂಗಳೂರಿನಿಂದ ಎ.ಸಿ. ಬಸ್ಸಿನಲ್ಲಿ ಬಂದು ಬೆಳಿಗ್ಗೆ ಕುಮಟೆಯ ಸೆಕೆಯಲ್ಲಿ ಇಳಿದ ಕೂಡಲೇ ಕ್ಯಾಮೆರಾ ತೆರೆಯುವಂತಿಲ್ಲ. ತಣ್ಣಗಿನ ಲೋಹದ ಮೇಲೆ ಹನಿ ಕೂತು ಟೇಪು ಉರುಳೆಗೆ ಅಂಟಿಕೊಳ್ಳುತ್ತದೆ. ಚೀಲದೊಳಗೇ ಬಿಟ್ಟು, ಅಲ್ಲಿನ ಹವೆಗೆ ಅದು ಹೊಂದಿಕೊಳ್ಳುವವರೆಗೆ ಕಾಯಬೇಕು.

ಆದರೆ ಈ ಕ್ಯಾಮೆರಾ ನನಗೆ ಕೊಟ್ಟ ಅತಿ ದೊಡ್ಡ ಉಡುಗೊರೆ ಇದ್ದದ್ದು ಅದರ ನಿಧಾನದಲ್ಲಿ. ಟೇಪಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಕೇಬಲ್ ಬೇಕು. ನಮ್ಮ ಕಂಪ್ಯೂಟರಿನಲ್ಲಿ ಆ ಕಿಂಡಿ ಇರಲಿಲ್ಲ, ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಕಾರ್ಡು ಮತ್ತು ಕೇಬಲ್ ತರಿಸಿ ಹಾಕಿಸಿದೆ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಅದಕ್ಕೆ ಅಡ್ಡದಾರಿಯಿಲ್ಲ. ಟೇಪು ಓಡುವಾಗ ಚಿತ್ರ ಪರದೆಯ ಮೇಲೆ ಬರುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಟೇಪು ಇಳಿಸುವ ಸಂಜೆ ಎಂದರೆ ಎಲ್ಲರೂ ಕೂತು ನೋಡುವ ಸಂಜೆ. ಅಪ್ಪಯ್ಯ ಎಲೆಅಡಿಕೆ ತಟ್ಟೆ ಹಿಡಿದು ಬರುತ್ತಿದ್ದ. ಚಿತ್ರದಲ್ಲಿ ಕಂಡ ಮರದ ವಯಸ್ಸು, ಅದನ್ನು ನೆಟ್ಟವರು, ಯಾವುದೋ ವರ್ಷ ಬಂದ ಕೊಳೆರೋಗ, ಇವೆಲ್ಲ ಆಗಲೇ ಹೊರಬರುತ್ತಿದ್ದವು. ನಾನು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಟೇಪಿನ ಡಬ್ಬಿಯೊಳಗೆ ಮಡಚಿ ಇಟ್ಟಿದ್ದೇನೆ. ತೆಗೆದದ್ದನ್ನು ನೋಡಲೇಬೇಕು ಎಂದು ಯಂತ್ರವೇ ಹಟ ಹಿಡಿದಂತಿತ್ತು, ಆ ಹಟದಿಂದ ನಮಗೆ ಒಳ್ಳೆಯದೇ ಆಯಿತು.

ಟೇಪಿನ ದಿನಗಳು ಬೇಗ ಮುಗಿದವು. ಸೋನಿ ಮತ್ತು ಪ್ಯಾನಸಾನಿಕ್ 2006ರಲ್ಲೇ ಎವಿಸಿಎಚ್‌ಡಿ ಎಂಬ ಹೊಸ ಕ್ರಮವನ್ನು ಪ್ರಕಟಿಸಿದ್ದವು. ಅದರಿಂದ ಮೆಮೊರಿ ಕಾರ್ಡಿಗೆ ನೇರವಾಗಿ ಬರೆಯುವ, ಇನ್ನೂ ಚಿಕ್ಕ ಕ್ಯಾಮ್‌ಕಾರ್ಡರ್‌ಗಳು ಬಂದವು. 2011ರ ಹೊತ್ತಿಗೆ ಐಫೋನ್ 4ಎಸ್‌ನಲ್ಲಿ 1080 ಗೆರೆಯ ವಿಡಿಯೋ ಬಂತು. ಆಮೇಲೆ ಎಲ್ಲರ ಕಿಸೆಯಲ್ಲೂ ಅದು ಇದೆ. ಇದು ಒಳ್ಳೆಯ ಬೆಳವಣಿಗೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮೂರಿನ ಹುಡುಗಿಯರು ಇವತ್ತು ಮೊಬೈಲಿನಲ್ಲೇ ಆಟವನ್ನು, ತೋಟವನ್ನು ಸೊಗಸಾಗಿ ತೆಗೆಯುತ್ತಾರೆ. ಆದರೆ ಕಾರ್ಡಿನಿಂದ ನಕಲು ಮಾಡಲು ಕೆಲವು ನಿಮಿಷ ಸಾಕು, ಆಗ ಯಾರೂ ಕೂತು ನೋಡುವುದಿಲ್ಲ. ಮೂವತ್ತು ಸೆಕೆಂಡಿನ ತುಣುಕುಗಳು ರಾಶಿ ಬೀಳುತ್ತವೆ. ಒಂದು ಕೆಲಸದ ಶುರು, ನಡು, ಕೊನೆ ಮೂರೂ ಇರುವ ಚಿತ್ರ ಆ ರಾಶಿಯಲ್ಲಿ ಅಪರೂಪ.

ಈ ನಡುವೆ ಚಿತ್ರದಲ್ಲಿದ್ದವರು ಹೋಗುತ್ತಿದ್ದಾರೆ, ಚಿತ್ರದಲ್ಲಿದ್ದ ಕೆಲಸವೂ ಹೋಗುತ್ತಿದೆ. ಸುಲಿಯುವ ಯಂತ್ರ ಬಂದಮೇಲೆ ರಾತ್ರಿಯ ಅಂಗಳ ಖಾಲಿ. ಬೆನ್ನು ನೋಯಿಸಿಕೊಂಡು ಕೂರುತ್ತಿದ್ದವರಿಗೆ ಬಿಡುಗಡೆಯಾಯಿತು, ಅದು ಸರಿಯೇ. ಕೊನೆಗೌಡರು ಸಿಗುವುದೇ ಕಷ್ಟವಾಗಿ, ಕೆಳಗೆ ನಿಂತೇ ಕೊಯ್ಯುವ ಉದ್ದದ ದೋಟಿಗಳು ಬಂದಿವೆ. ಉಗುರಿನ ಸುತ್ತ ಕಪ್ಪು ಗೆರೆಯಿದ್ದ ಆ ಅಜ್ಜಿ ಈಗಿಲ್ಲ. ಆಯಿಯೂ ಇಲ್ಲ. ಅವರ ಕೈಗಳನ್ನು ನೋಡಬೇಕೆನಿಸಿದರೆ ನನಗಿರುವುದು ಆ ಟೇಪುಗಳೇ.

ಮತ್ತು ಟೇಪು ಶಾಶ್ವತವಲ್ಲ. ಎಚ್‌ಡಿವಿ ಚಿತ್ರಗಳನ್ನು ಒಂದೊಂದಾಗಿ ಬರೆಯದೆ, ಹದಿನೈದು ಚಿತ್ರಗಳ ಗುಂಪಾಗಿ ಅಡಕ ಮಾಡುತ್ತದೆ. ಟೇಪಿನಲ್ಲಿ ಒಂದು ಚುಕ್ಕೆಯಷ್ಟು ಜಾಗ ಕೆಟ್ಟರೂ ಅರ್ಧ ಸೆಕೆಂಡಿನ ಚಿತ್ರ ಹೆಪ್ಪುಗಟ್ಟಿ ನಿಲ್ಲಬಹುದು. ಅದಕ್ಕಿಂತ ದೊಡ್ಡ ಆತಂಕ ಅದನ್ನು ಓಡಿಸುವ ಯಂತ್ರದ್ದು. ಇಂಥ ಕ್ಯಾಮೆರಾಗಳು ಈಗ ತಯಾರಾಗುವುದಿಲ್ಲ, ರಿಪೇರಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಕಿಂಡಿ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಇವತ್ತು ಅದನ್ನು ನೋಡೋಣವೆಂದರೆ ಒಂದು ಪ್ರತಿಯೂ ಸಿಗದು. ಅಷ್ಟು ಹೆಸರುವಾಸಿಯಾದ ಚಿತ್ರದ ಗತಿಯೇ ಹೀಗಾದರೆ ನಮ್ಮ ಮನೆಯ ಕಪಾಟಿನ ಟೇಪುಗಳನ್ನು ನಾವಲ್ಲದೆ ಬೇರೆ ಯಾರು ಕಾಯುತ್ತಾರೆ?

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಮಿನಿ ಡಿವಿ ಕ್ಯಾಸೆಟ್ಟುಗಳಿದ್ದರೆ, ಅವುಗಳ ಜೊತೆಗಿರುವ ಕ್ಯಾಮೆರಾವನ್ನು ಗುಜರಿಗೆ ಹಾಕಬೇಡಿ. ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಯಾರ ಬಳಿಯಿದೆ ಎಂದು ವಿಚಾರಿಸಿ, ಇಲ್ಲವೇ ಟೇಪು ಇಳಿಸಿಕೊಡುವ ಸ್ಟುಡಿಯೋ ಹುಡುಕಿ. ಎಚ್‌ಡಿವಿಯಾದರೆ ಒಂದು ಟೇಪಿಗೆ ಸುಮಾರು 12 ಜಿಬಿ ಆಗುತ್ತದೆ, ಮಾಮೂಲಿ ಡಿವಿಯಾದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಇಂದಿನ ಹಾರ್ಡ್‌ಡಿಸ್ಕಿಗೆ ಅದೇನೂ ಭಾರವಲ್ಲ. ಟೇಪಿನಿಂದ ಬಂದ ಮೂಲ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ, ಮೊಬೈಲಿಗೆ ಕಳಿಸಲು ಬೇಕಾದರೆ ಬೇರೆ ಸಣ್ಣ ಪ್ರತಿ ಮಾಡಿ. ಎರಡು ಡಿಸ್ಕಿನಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ಯಾರು, ಯಾವ ಊರು, ಯಾವ ವರ್ಷ ಎಂದು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಟೇಪು ಓಡುವಾಗ ಮನೆಯವರನ್ನೆಲ್ಲ ಕರೆದು ಕೂರಿಸಿ. ಮುಂದಿನ ವರ್ಷಕ್ಕೆ ದೂಡಬೇಡಿ. ಈ ರಜೆಯಲ್ಲೇ ಶುರುಮಾಡಿ.